ಅಂಚಿನಲ್ಲಿ ಹೆಸರಿದೆಯೇ?

ಹಳೆಯ ಬೆಳ್ಳಿ ಪದಕವೊಂದನ್ನು ಗದಗಿನ ಸರಾಫರ ಮುಂದಿಟ್ಟರೆ ಅವರ ಕೈ ಮೊದಲು ಹೋಗುವುದು ತಕ್ಕಡಿಯ ಕಡೆಗೆ. ಅದರಲ್ಲಿ ಅವರ ತಪ್ಪೇನಿಲ್ಲ, ಅವರ ಕಸುಬೇ ತೂಕದ್ದು. ಪದಕ ಕೂಡಿಡುವ ಹುಚ್ಚು ಹತ್ತಿಸಿಕೊಂಡವರು ಮಾತ್ರ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ಅಂಚನ್ನು ಒಂದು ಸುತ್ತು ತಿರುಗಿಸಿ ನೋಡುತ್ತಾರೆ. ರಾಜನ ಮುಖ ಸಾವಿರಾರು ಪದಕಗಳಲ್ಲಿ ಒಂದೇ ತರಹ ಇರುತ್ತದೆ. ಅಂಚಿನಲ್ಲಿ ಒಬ್ಬ ಮನುಷ್ಯನ ನಂಬರು, ಹುದ್ದೆ, ಹೆಸರು, ಪಲ್ಟಣ ಕೊರೆದಿದ್ದರೆ ಆ ಪದಕ ಒಬ್ಬನದಾಯಿತು, ಒಂದು ಮನೆತನದ್ದಾಯಿತು. ಅಂಚು ಬೋಳಾಗಿದ್ದರೆ ಅದರ ಜೊತೆಗಿದ್ದ ಚೀಟಿ, ಡಬ್ಬಿ, ಫೋಟೊ ಎಲ್ಲಿ ಹೋದವು ಎಂದು ಹುಡುಕಬೇಕು. ಈ ಹವ್ಯಾಸದ ಅರ್ಧ ವಿದ್ಯೆ ಇಷ್ಟೇ.

ನಮ್ಮ ಭಾಗದಲ್ಲಿ ಈ ಹವ್ಯಾಸಕ್ಕೆ ಬೇರೆ ಕಡೆ ಇಲ್ಲದ ಒಂದು ರುಚಿಯಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಒಂದೇ ದಿನದಲ್ಲಿ ಬಸ್ಸು ಬದಲಿಸುತ್ತ ಸುತ್ತಿ ಬರಬಹುದಾದ ಊರುಗಳು. ಆದರೆ 1948ರ ತನಕ ಇವು ಒಂದೇ ಸರಕಾರದ ಕೆಳಗೆ ಇರಲಿಲ್ಲ. ಗದಗ, ಬೆಟಗೇರಿ, ಡಂಬಳ, ಮುಂಡರಗಿ ಮುಂಬೈ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿ ನೇರ ಬ್ರಿಟಿಷರ ಕೈಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜಿನ ಹಿರಿಯ ಪಟವರ್ಧನರದು, ಶಿರಹಟ್ಟಿ ಸಾಂಗ್ಲಿಯ ಪಟವರ್ಧನರದು. ಮುಂಡರಗಿ ದಾಟಿ ಕೊಪ್ಪಳದ ಕಡೆ ಹೊರಟರೆ ನಿಜಾಮರ ನಾಡು. 1948ರ ಮಾರ್ಚ್ 8ರಂದು ದಕ್ಷಿಣದ ಮರಾಠಾ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದ ಮೇಲೆ ಪಟವರ್ಧನರ ಊರುಗಳ ಗಡಿಗಳು ಅಳಿಸಿದವು. ಪದಕಗಳು ಮನೆಗಳಿಗೆ ಬಂದದ್ದು ಆ ಗಡಿಗಳಿದ್ದಾಗ. ಬ್ರಿಟಿಷ್ ಮುಲುಕಿನ ಊರಿನಲ್ಲಿ ಕಲೆಕ್ಟರ ಕಚೇರಿಯ ಶಿಫಾರಸಿನ ದಾರಿ; ಸಂಸ್ಥಾನದ ಊರಿನಲ್ಲಿ ದರಬಾರು, ಕಾರಭಾರಿ, ಪೊಲಿಟಿಕಲ್ ಏಜೆಂಟ್ ಇವರ ದಾರಿ. ಹೀಗಾಗಿ ಒಂದು ಪದಕ ಸಿಕ್ಕಿತೆಂದರೆ ಅದು ಯಾವ ಊರಿನದು, ಆಗ ಆ ಊರು ಯಾರದು ಎಂಬ ಎರಡು ಪ್ರಶ್ನೆಗಳನ್ನು ಕೂಡಿಯೇ ಕೇಳಬೇಕು.

ಸ್ಮರಣ ಪದಕಗಳ ಸಾಲಿನಲ್ಲಿ ಮೊದಲು ಎದುರಾಗುವವು ದಿಲ್ಲಿ ದರಬಾರಿನವು. 1877ರ ಜನವರಿ 1ರಂದು ವಿಕ್ಟೋರಿಯಾ ರಾಣಿಯನ್ನು ಹಿಂದುಸ್ಥಾನದ ಚಕ್ರವರ್ತಿನಿ ಎಂದು ಸಾರಿದಾಗ ಹೊರಬಿದ್ದ ಪದಕ ಅಂಗೈ ತುಂಬುವಷ್ಟು ದೊಡ್ಡದು, 58 ಮಿಲಿಮೀಟರ್ ಅಡ್ಡಳತೆ. ಒಂದು ಮಗ್ಗುಲಲ್ಲಿ ಕಿರೀಟ ತೊಟ್ಟ ರಾಣಿ, ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷ್, ಪಾರ್ಸಿ, ನಾಗರಿ ಲಿಪಿಗಳಲ್ಲಿ ಅವಳ ಹೊಸ ಬಿರುದು. ಸಂಸ್ಥಾನಿಕರಿಗೆ, ದೊಡ್ಡ ಅಧಿಕಾರಿಗಳಿಗೆ ಚಿನ್ನ, ಬೆಳ್ಳಿಗಳಲ್ಲಿ ಹಂಚಿದರು. ಆ ತಾರೀಖನ್ನು ನಮ್ಮ ಪಂಚಾಂಗಕ್ಕೆ ಹೊಂದಿಸಿ ನೋಡಿ: ಧಾತು ಸಂವತ್ಸರ. ಧಾರವಾಡ, ಬಳ್ಳಾರಿ, ಕಲಾದಗಿ ಜಿಲ್ಲೆಗಳ ಜನ ಅನ್ನವಿಲ್ಲದೆ ಸಾಯುತ್ತಿದ್ದ ಧಾತು-ಈಶ್ವರ ಬರದ ನಟ್ಟನಡುವೆ ದಿಲ್ಲಿಯಲ್ಲಿ ಈ ಹಬ್ಬ ನಡೆಯಿತು. ಹೊಟಗಿಯಿಂದ ಗದಗಿಗೆ ರೈಲು ಹಾಕುವ ಯೋಚನೆಗೆ ಬಿರುಸು ಬಂದದ್ದು ಆ ಬರದ ನಂತರ. 1884ರಲ್ಲಿ ಅದು ಗದಗ ಮುಟ್ಟಿತು. 1877ರ ಪದಕವನ್ನು ಕೈಯಲ್ಲಿ ಹಿಡಿದವರು ಆ ಬರವನ್ನು ನೆನೆಯದೆ ಇಟ್ಟುಬಿಟ್ಟರೆ ಅರ್ಧ ಪದಕವನ್ನಷ್ಟೇ ನೋಡಿದಂತೆ.

1903ರ ದರಬಾರು ಏಳನೇ ಎಡ್ವರ್ಡನದು, 1911ರದು ಐದನೇ ಜಾರ್ಜನದು. ಸಂಗ್ರಾಹಕರಿಗೆ ಸಾಮಾನ್ಯವಾಗಿ ದೊರೆಯುವುದು 1911ರ ಬೆಳ್ಳಿಯದು. ಸುಮಾರು 30,000 ಬೆಳ್ಳಿ, 200 ಚಿನ್ನದ ಪದಕ ಟಂಕಿಸಿದ್ದರು. 1903ರದು ಬೆಳ್ಳಿಯಲ್ಲೂ ಎರಡೂವರೆ ಸಾವಿರದ ಆಸುಪಾಸು ಮಾತ್ರ. ಹಾಗಾಗಿ ಅದಕ್ಕೆ ಬೆಲೆ ಹೆಚ್ಚು. 1911ರ ಪದಕದ ಮುಂಬದಿ ರಾಜ-ರಾಣಿ ಇಬ್ಬರೂ ಕಿರೀಟ ತೊಟ್ಟು ಒಂದೇ ಕಡೆ ಮುಖ ಮಾಡಿದ್ದಾರೆ, ಸುತ್ತ ಹೂಮಾಲೆ. ಹಿಂಬದಿಯ ಬರಹವೆಲ್ಲ ಪಾರ್ಸಿ. ಕಡುನೀಲಿ ರಿಬ್ಬನ್ನು, ನಡುವೆ ಎರಡು ಕೆಂಪು ಎಳೆ. ಮೂರೂ ದರಬಾರಿನ ಪದಕಗಳ ಅಂಚು ಬೋಳು. ಸರಕಾರ ಹೆಸರು ಕೊರೆಸಿ ಕೊಟ್ಟದ್ದಲ್ಲ. ಹೆಸರಿದ್ದರೆ ಪಡೆದವರು ತಾವೇ ಪತ್ತಾರರ ಕೈಯಲ್ಲಿ ಕೆತ್ತಿಸಿಕೊಂಡದ್ದು.

1911ರದೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ರಿಬ್ಬನ್ನು ಎಂದೋ ಜೀರ್ಣವಾಗಿ ಹೋಗಿತ್ತು. ಮೇಲಿನ ಕೊಂಡಿಯನ್ನು ಕತ್ತರಿಸಿ, ಕೊರಳ ಸರಕ್ಕೆ ಪೋಣಿಸಲು ಬರುವಂತೆ ಸಣ್ಣದೊಂದು ಬಳೆ ಬೆಸೆದಿದ್ದರು. ರಾಜನ ಮೂಗು, ರಾಣಿಯ ಕೆನ್ನೆ ಸವೆದು ನುಣುಪಾಗಿದ್ದವು. ಹೂಮಾಲೆಯ ಸಂದುಗಳಲ್ಲಿ ಅರಿಶಿನ-ಕುಂಕುಮ ಕೂತು ಗಟ್ಟಿಯಾಗಿತ್ತು. "ಹಿರಿಯಾರ ಕಾಲದ್ದರಿ, ದೀಪಾವಳಿಗೆ ಲಕ್ಷ್ಮೀ ಮುಂದ ಇಡತೇವಿ" ಎಂದರು ಮನೆಯವರು. ಹಿರಿಯರಿಗೆ ಯಾಕೆ ಕೊಟ್ಟಿದ್ದರು ಎಂದರೆ "ಗೌಡಕಿ ಇತ್ತಲ್ಲರಿ" ಎಂಬಷ್ಟೇ ಉತ್ತರ. ಲಂಡನ್ನಿನ ಹರಾಜಿನವರು ಅದನ್ನು ಕೆಟ್ಟ ಸ್ಥಿತಿಯ ಪದಕ ಎಂದು ಬದಿಗಿಡುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಚಕ್ರವರ್ತಿಯನ್ನು ಪುತ್ತಳಿ ಸರದ ಪಕ್ಕದಲ್ಲಿ ಕಟ್ಟಿಕೊಂಡು, ಲಕ್ಷ್ಮಿಯ ಮುಂದೆ ಕೂರಿಸಿ ಕುಂಕುಮ ಹಚ್ಚಿದ ಮನೆಯ ಕಥೆ ಆ ಸವೆತದಲ್ಲೇ ಇದೆ.

1935ರ ರಜತ ಮಹೋತ್ಸವದ ಪದಕ, 1937ರ ಮೇ 12ರ ಆರನೇ ಜಾರ್ಜನ ಪಟ್ಟಾಭಿಷೇಕದ ಪದಕಗಳ ಅಂಚೂ ಬೋಳು. ಆದರೆ ಇವುಗಳ ಜೊತೆ ಪಡೆದವರ ಹೆಸರು ಬರೆದ ಒಂದು ಸಣ್ಣ ಚೀಟಿ, ಒಂದು ರಟ್ಟಿನ ಡಬ್ಬಿ ಬರುತ್ತಿತ್ತು. ಜನ ಬೆಳ್ಳಿ ಇಟ್ಟುಕೊಂಡು ಚೀಟಿ ಬಿಸಾಡುತ್ತಾರೆ. ಎರಡೂ ಕೂಡಿದ್ದರೆ ಬೆಲೆಯೂ ಬೇರೆ, ಮರ್ಯಾದೆಯೂ ಬೇರೆ. ಇವಲ್ಲದೆ ಇಂಥ ಸಮಾರಂಭಗಳಿಗೆ ಶಾಲೆಯ ಮಕ್ಕಳಿಗೆ ಹಂಚಿದ ಹಿತ್ತಾಳೆ, ಅಲ್ಯುಮಿನಿಯಂ ಬಿಲ್ಲೆಗಳೂ ಇವೆ. ಹಳೆ ಸಾಮಾನಿನ ಅಂಗಡಿಯಲ್ಲಿ ಪಟ್ಟೇವಾಲನ ಸೊಂಟದ ಬಿಲ್ಲೆ, ತಾಲೀಮು ಮನೆಯ ಬಿಲ್ಲೆ, ಈ ಶಾಲೆ ಬಿಲ್ಲೆ ಎಲ್ಲ ಒಂದೇ ಬುಟ್ಟಿಯಲ್ಲಿ ಬಿದ್ದಿರುತ್ತವೆ. ಹೊಸಬರು ಅಲ್ಲಿಂದ ಶುರು ಮಾಡುವುದೇ ಒಳ್ಳೆಯದು. ಕಡಿಮೆ ಖರ್ಚಿನಲ್ಲಿ ಕಣ್ಣು ಪಳಗುತ್ತದೆ.

ಇನ್ನು ಯುದ್ಧದ ಪದಕಗಳು. ನಮ್ಮ ಸೀಮೆಯ ಇತಿಹಾಸ ಬಲ್ಲವರಿಗೆ ಇಲ್ಲಿ ಒಂದು ಸಂಗತಿ ಚುಚ್ಚುತ್ತದೆ. 1857-58ರ ದಂಗೆ ಅಡಗಿಸಿದ್ದಕ್ಕೆ ಬ್ರಿಟಿಷರು ಕೊಟ್ಟ ಬೆಳ್ಳಿ ಪದಕಕ್ಕೆ ಬಿಳಿ ರಿಬ್ಬನ್ನು, ಎರಡು ಕೆಂಪು ಪಟ್ಟೆ. ಯಾವ ಕಾಳಗದಲ್ಲಿ ಇದ್ದರೆಂದು ತೋರಿಸಲು ರಿಬ್ಬನ್ನಿನ ಮೇಲೆ ಬೆಳ್ಳಿಯ ಪಟ್ಟಿ ಸಿಗಿಸುತ್ತಿದ್ದರು. ಅಂಥ ಪಟ್ಟಿಗಳು ಐದೇ: ದಿಲ್ಲಿ, ಲಖನೌ ರಕ್ಷಣೆ, ಲಖನೌ ಬಿಡುಗಡೆ, ಲಖನೌ, ಮಧ್ಯ ಹಿಂದುಸ್ಥಾನ. ನರಗುಂದ ಇಲ್ಲ, ಕೊಪ್ಪಳ ಇಲ್ಲ.

ಇಲ್ಲಿ ನಡೆದದ್ದೇನು ಕಡಿಮೆಯೇ? 1858ರ ಮೇ ತಿಂಗಳ ಕೊನೆಯಲ್ಲಿ ಮುಂಡರಗಿ ಭೀಮರಾಯರು ಎದ್ದರು. ಒಂದು ಕಾಲಕ್ಕೆ ಕಂಪನಿಯ ನೌಕರಿಯಲ್ಲೇ ಇದ್ದವರು ಅವರು. ಡಂಬಳದ ಖಜಾನೆ ಲೂಟಿಯಾಯಿತು. ಭೀಮರಾಯರು ಹಮ್ಮಿಗಿಯ ಕೆಂಚನಗೌಡರ ಜೊತೆ ಹೋಗಿ ಕೊಪ್ಪಳದ ಕೋಟೆ ಹಿಡಿದರು. ಬಳ್ಳಾರಿಯಿಂದ ಬಂದ ಬ್ರಿಟಿಷ್ ಅಧಿಕಾರಿ ಹ್ಯೂಸನ ಪಡೆ ಜೂನ್ 1ರಂದು ಕೋಟೆಗೆ ನುಗ್ಗಿತು. ಭೀಮರಾಯರು, ಕೆಂಚನಗೌಡರು ಇಬ್ಬರೂ ಅಲ್ಲೇ ಬಿದ್ದರು. ಅದೇ ದಿನಗಳಲ್ಲಿ ನರಗುಂದದ ಸಂಸ್ಥಾನಿಕ ಬಾಬಾಸಾಹೇಬರ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಸುರೇಬಾನದಲ್ಲಿ ಕೊಂದರು. ಕರ್ನಲ್ ಮಾಲ್ಕಮ್ ನರಗುಂದ ತಗೊಂಡ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ನೇಣಿಗೆ ಹಾಕಿದರು. ಲಂಡನ್ನಿನ ಲೆಕ್ಕದಲ್ಲಿ ಇದೆಲ್ಲ ಒಂದು ಬೆಳ್ಳಿ ಪಟ್ಟಿಗೂ ಸಾಲದ ಗಲಾಟೆ. ಸೋತವರಿಗಂತೂ ಪದಕ ಇರುವುದಿಲ್ಲ. ಗೆದ್ದವರ ಪದಕದ ಮೇಲೂ ನಮ್ಮ ಊರಿನ ಹೆಸರು ಬರಲಿಲ್ಲ. ಆದ್ದರಿಂದ "ಇದು ನರಗುಂದದ ಯುದ್ಧದ ಮೆಡಲ್" ಎಂದು ಯಾರಾದರೂ ಊರ ಹೆಸರಿನ ಪಟ್ಟಿ ಸಮೇತ ತೋರಿಸಿದರೆ ನಕ್ಕು ಕೈಮುಗಿದು ಎದ್ದು ಬನ್ನಿ.

ಅದಕ್ಕೂ ನಾಲ್ವತ್ತು ವರ್ಷ ಹಿಂದಿನ ಕಥೆಯೂ ಹೀಗೆಯೇ. 1818ರ ಜನವರಿಯಲ್ಲಿ ಥಾಮಸ್ ಮನ್ರೋ ಪೇಶ್ವೆಯವರ ಕೈಯಿಂದ ಗದಗ, ಡಂಬಳ, ಹುಬ್ಬಳ್ಳಿಗಳನ್ನು ಒಂದರ ಹಿಂದೊಂದು ತಗೊಂಡ. 1803ರಿಂದ 1826ರ ನಡುವಿನ ಕದನಗಳಿಗೆ ಕಂಪನಿ ಪದಕ ಕೊಡಲು ಒಪ್ಪಿದ್ದು 1851ರಲ್ಲಿ, ಅದೂ ಆಗ ಬದುಕಿ ಉಳಿದು ಕೇಳಿಕೊಂಡವರಿಗೆ. ಅದರ ಪಟ್ಟಿಗಳಲ್ಲಿ ಕಿರ್ಕಿ, ಪುಣೆ, ಕೋರೆಗಾಂವ್ ಇವೆ. ಗದಗ, ಡಂಬಳ ಇಲ್ಲ. ಇನ್ನೊಂದು ತಮಾಷೆ: ಪದಕದ ಹಿಂಬದಿಯಲ್ಲಿ 1799-1826 ಎಂದು ಟಂಕಿಸಿದ್ದಾರೆ, ಮೊದಲ ಪಟ್ಟಿ ಮಾತ್ರ 1803ರ ಅಲಿಗಢದ್ದು. ಸರಕಾರಿ ತಪ್ಪು ಬೆಳ್ಳಿಯಲ್ಲಿ ಬಿದ್ದರೆ ತಿದ್ದಲು ಬರುವುದಿಲ್ಲ. ಈ ಪದಕ ಬಲು ವಿರಳ. ಅಸಲಿಯೊಂದು ನಮ್ಮ ಕಡೆಯ ಸಂತೆಯಲ್ಲಿ ಸಿಕ್ಕಿತೆಂದು ಯಾರಾದರೂ ಹೇಳಿದರೆ ನಾನು ಮೊದಲು ಅಳತೆಪಟ್ಟಿ ಕೇಳುತ್ತೇನೆ.

1799ರ ವಿಷಯಕ್ಕೆ ಬಂದರೆ, ಕರ್ನಾಟಕದ ಮಣ್ಣಿಗೆ ಸೇರಿದ ವಸಾಹತು ಪದಕಗಳಲ್ಲಿ ಶ್ರೀರಂಗಪಟ್ಟಣದ್ದು ಹೆಸರಾದದ್ದು. ಟಿಪ್ಪು ಸುಲ್ತಾನ ಬಿದ್ದ ಮೇ 4ರ ನೆನಪಿಗೆ ಕಂಪನಿ ಅದನ್ನು ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ ಮಾಡಿಸಿತು; ಅಚ್ಚು ಕೊರೆದವನು ಕೂಚ್ಲರ್. ಹಂಚಿದ್ದು 1808ರಲ್ಲಿ. ಹುದ್ದೆಗೆ ತಕ್ಕ ಲೋಹ: ಮೇಲಿನವರಿಗೆ ಚಿನ್ನ, ನಂತರ ಚಿನ್ನದ ನೀರು ಕೊಟ್ಟ ಬೆಳ್ಳಿ, ಬೆಳ್ಳಿ, ಕಂಚು, ಸಾಮಾನ್ಯ ಸಿಪಾಯಿಗೆ ತವರ. ಮುಂಬದಿಯಲ್ಲಿ ಸಿಂಹವೊಂದು ಹುಲಿಯನ್ನು ಕೆಳಗೆ ಹಾಕಿ ತುಳಿಯುತ್ತಿದೆ. ಸಿಂಹದ ಮೇಲಿನ ಬಾವುಟದಲ್ಲಿ 'ಅಸದುಲ್ಲಾ ಅಲ್ ಗಾಲಿಬ್' ಎಂಬ ಅರಬ್ಬಿ ಬರಹ. ದೇವರ ಸಿಂಹವೇ ಗೆಲ್ಲುವುದು ಎಂಬ ಆ ನುಡಿಯನ್ನು ಹುಲಿಯ ಮುಖದಾಕಾರದಲ್ಲಿ ಬರೆಸಿ ತನ್ನ ಗುರುತು ಮಾಡಿಕೊಂಡಿದ್ದವನು ಟಿಪ್ಪು. ಗೆದ್ದವರು ಅವನ ಖಜಾನೆಯ ಜೊತೆ ಅವನ ಮಾತನ್ನೂ ಹೊತ್ತುಕೊಂಡು ಹೋದರು. ಹಿಂಬದಿಯಲ್ಲಿ ಕೋಟೆಗೆ ನುಗ್ಗುವ ದೃಶ್ಯ, ಕೆಳಗೆ ಪಾರ್ಸಿ ಸಾಲು. ಈ ಪದಕದ ಎರಕದ ನಕಲುಗಳು ಸಾಕಷ್ಟಿವೆ. ಅಸಲಿಯಲ್ಲಿ ಸಿಂಹದ ಕೇಸರದ ಒಂದೊಂದು ಎಳೆಯೂ ಚೂಪಾಗಿರುತ್ತದೆ. ನಕಲಿನಲ್ಲಿ ಎಲ್ಲ ಮೊದ್ದಾಗಿ, ಸೂಜಿಮೊನೆಯಂಥ ಗುಳಿಗಳು ಬಿದ್ದಿರುತ್ತವೆ.

ಹಳ್ಳಿಗಳ ಟ್ರಂಕುಗಳಲ್ಲಿ ಇನ್ನೂ ಸಿಗಬಹುದಾದದ್ದು ಮಾತ್ರ ಮೊದಲ ಮಹಾಯುದ್ಧದ ಜೋಡಿ. ಒಂದು ಬೆಳ್ಳಿಯದು, 36 ಮಿಲಿಮೀಟರ್, ಹಿಂದೆ ಕುದುರೆ ಸವಾರ, 1914-1918. ಇನ್ನೊಂದು ಹೊಂಬಣ್ಣದ ಕಂಚಿನದು, ರೆಕ್ಕೆಯುಳ್ಳ ವಿಜಯದೇವತೆ, ಕಾಮನಬಿಲ್ಲಿನ ಬಣ್ಣದ ರಿಬ್ಬನ್ನು. ಬೆಳ್ಳಿಯ ಪದಕವನ್ನೇ ಕಂಚಿನಲ್ಲೂ ಮಾಡಿಸಿದ್ದರು. ಅದು ಬಂದೂಕು ಹಿಡಿಯದೆ ನೀರು ಹೊತ್ತವರಿಗೆ, ಹೇಸರಗತ್ತೆ ಹೊಡೆದವರಿಗೆ, ರಸ್ತೆ ಕಡಿದವರಿಗೆ. ಒಟ್ಟು ಸುಮಾರು 65 ಲಕ್ಷದಲ್ಲಿ ಕಂಚಿನವು ಒಂದು ಲಕ್ಷ ಚಿಲ್ಲರೆ. ಆಗ ಕೀಳೆಂದು ಕೊಟ್ಟದ್ದೇ ಈಗ ಅಪರೂಪದ್ದು.

ಈ ಜೋಡಿಯ ಅಂಚು ಬೋಳಲ್ಲ. ಅದರಲ್ಲಿ 110ನೇ ಮರಾಠಾ ಎಂದಿದ್ದರೆ ಆ ಪಲ್ಟಣ ಇರಾಕಿನ ಕೂತ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿ 1916ರ ಏಪ್ರಿಲ್ 29ರಂದು ಶರಣಾದ ದಂಡಿನಲ್ಲಿತ್ತು ಎಂದು ತಿಳಿಯುತ್ತದೆ. ಹಲವು ಮರಾಠಾ ಪಲ್ಟಣಗಳು ಮುಂದೆ 1922ರಲ್ಲಿ ಒಂದೇ ರೆಜಿಮೆಂಟಾದವು. ಅದರ ಠಾಣ್ಯ ಈಗಲೂ ಬೆಳಗಾವಿ. ಹೆಸರು ಸಿಕ್ಕರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಬಹುದು. ಮಡಿದ ಸಿಪಾಯಿಗಳ ಹೆಸರುಗಳು ಅಲ್ಲಿವೆ. ಸಮಾರಂಭದ ಪದಕಗಳಿಗಾದರೆ 2002ರಲ್ಲಿ ಬಂದ ಪುಡೆಸ್ಟರ್ ಅವರ ಕ್ಯಾಟಲಾಗ್ ದೊಡ್ಡ ಆಧಾರ. 1750ರಿಂದ 1947ರವರೆಗಿನ ಬ್ರಿಟಿಷ್ ಇಂಡಿಯಾದ ಸ್ಮರಣ ಪದಕಗಳನ್ನು ಒಂದೆಡೆ ತಂದ ಪುಸ್ತಕ ಅದು.

ಗುಲಾಮಗಿರಿಯ ಬಿಲ್ಲೆಗಳನ್ನು ಕೂಡಿಡುವುದೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಗಾಂಧೀಜಿ ಕೂಡ 1915ರಲ್ಲಿ ಚಿನ್ನದ ಕೈಸರ್-ಇ-ಹಿಂದ್ ಪದಕ ಪಡೆದವರು. 1920ರ ಆಗಸ್ಟ್ 1ರಂದು ಅದನ್ನೂ ದಕ್ಷಿಣ ಆಫ್ರಿಕಾದ ಎರಡು ಯುದ್ಧ ಪದಕಗಳನ್ನೂ ವೈಸರಾಯರಿಗೆ ಮರಳಿಸಿದರು. ಅಜ್ಜನ ಪದಕವನ್ನು ನಾಚಿಕೆಯಿಂದ ಟ್ರಂಕಿನ ತಳಕ್ಕೆ ತಳ್ಳಿದ ಮನೆಗಳೂ ಇವೆ, ಗೋಡೆಗೆ ಚೌಕಟ್ಟು ಹಾಕಿ ಮೆರೆಸುವ ಮನೆಗಳೂ ಇವೆ. ನನಗೆ ಎರಡೂ ಸರಿಕಾಣುವುದಿಲ್ಲ. ಸರಕಾರ ಯಾರ ಮೇಲೆ ಪ್ರಸನ್ನವಾಗಿತ್ತು, ಯಾವ ಕೆಲಸಕ್ಕೆ ಎಂಬುದನ್ನು ಪದಕ ಹೇಳುತ್ತದೆ. ಪ್ಲೇಗಿನಲ್ಲಿ ರೋಗಿಗಳ ಸೇವೆ ಮಾಡಿದವರಿಗೂ ಪದಕ ಬಂತು, ಸೈನ್ಯಕ್ಕೆ ಆಳು ಕೂಡಿಸಿ ಕೊಟ್ಟವರಿಗೂ ಬಂತು. ಯಾವುದು ಯಾವುದೆಂದು ತಿಳಿಯಲು ಪದಕ ಕರಗದೆ ಉಳಿದಿರಬೇಕು.

ಕರಗಿ ಹೋದದ್ದೇ ಹೆಚ್ಚು. 1980ರ ಜನವರಿಯಲ್ಲಿ ಜಗತ್ತಿನಲ್ಲೆಲ್ಲ ಬೆಳ್ಳಿಯ ಬೆಲೆ ಆಕಾಶಕ್ಕೇರಿದಾಗ ಇಂಗ್ಲೆಂಡಿನಲ್ಲೇ ಮಹಾಯುದ್ಧದ ಬೆಳ್ಳಿ ಪದಕಗಳನ್ನು ರಾಶಿರಾಶಿ ಕುಲುಮೆಗೆ ಹಾಕಿದರು. ನಮ್ಮಲ್ಲಿ ಮದುವೆ, ಬಿತ್ತನೆ, ಆಸ್ಪತ್ರೆ ಎಂದು ಒಂದೊಂದಾಗಿ ಹೋದವು, ಕಾಲುಂಗುರವಾದವು, ಕಾಲಗೆಜ್ಜೆಯಾದವು. ಕಷ್ಟಕ್ಕೆ ಮಾರಿದವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಉಳಿದದ್ದನ್ನು ಕೆಡಿಸುವುದು ಹುಣಸೆಹಣ್ಣು. ಹಬ್ಬಕ್ಕೊಮ್ಮೆ ಹುಣಸೆಹುಳಿ, ವಿಭೂತಿ ಹಾಕಿ ತಿಕ್ಕಿದರೆ ಮೇಲಿನ ಕಪ್ಪಿನ ಜೊತೆ ಅಂಚಿನ ಅಕ್ಷರವೂ ಸವೆಯುತ್ತದೆ. ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ, ಅದು ವಯಸ್ಸು.

ಮೋಸದ ಮಾತೂ ಒಂದಿಷ್ಟು. ಹಳೆಯ ಹೆಸರನ್ನು ಅರದಿಂದ ತಿಕ್ಕಿ ಅಳಿಸಿ ಹೊಸ ಹೆಸರು ಕೊರೆಯುವವರಿದ್ದಾರೆ. ಆಗ ಪದಕದ ಅಡ್ಡಳತೆ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ವರ್ನಿಯರ್ ಕ್ಯಾಲಿಪರ್ ಹಿಡಿದರೆ ಗೊತ್ತಾಗುತ್ತದೆ. ಇದಕ್ಕಿಂತ ದೊಡ್ಡ ಪಿಡುಗು ರಾಮ ಪಟ್ಟಾಭಿಷೇಕ, ಹನುಮಂತನ ಚಿತ್ರಗಳಿರುವ, ಹಿಂದೆ 'ಯುಕೆಎಲ್ ಒನ್ ಆಣಾ 1818' ಎಂದು ಬರೆದ ತಾಮ್ರದ ಬಿಲ್ಲೆ. ಈಸ್ಟ್ ಇಂಡಿಯಾ ಕಂಪನಿಯದು, ಅಕ್ಕಿ ಎಳೆಯುತ್ತದೆ, ಕೋಟಿಗೆ ಹೋಗುತ್ತದೆ ಎಂದು ಜನರ ಜಮೀನು ಮಾರಿಸಿದ 'ರೈಸ್ ಪುಲ್ಲಿಂಗ್' ದಂಧೆ ಎಲ್ಲರಿಗೂ ಗೊತ್ತು. ಕಂಪನಿ ಇಂಥ ಒಂದಾಣೆ ನಾಣ್ಯವನ್ನೇ ಟಂಕಿಸಿರಲಿಲ್ಲ. ಎಲ್ಲರೂ ಬಲ್ಲ ಒಂದಾಣೆ ನಾಣ್ಯ ಬಂದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಏಳನೇ ಎಡ್ವರ್ಡನ ಕಾಲಕ್ಕೆ, ನಿಕ್ಕಲ್ ಮಿಶ್ರಲೋಹದಲ್ಲಿ.

ಕಾಯ್ದೆಯೂ ತಿಳಿದಿರಲಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. 1911ರ ದರಬಾರಿನ ಪದಕ, ಮಹಾಯುದ್ಧದ ಪದಕಗಳು ಆ ವಯಸ್ಸಿಗೆ ಬಂದಿವೆ. 1935ರದು ಇನ್ನೂ ಬಂದಿಲ್ಲ. ಪ್ರಾಚ್ಯವಸ್ತು ವ್ಯಾಪಾರಕ್ಕೆ ಪರವಾನಗಿ ಬೇಕು. ಹೊಲ ಉಳುವಾಗ, ಪಾಯ ತೆಗೆಯುವಾಗ ಸಿಕ್ಕಿದ್ದು ನಿಧಿಯ ಲೆಕ್ಕಕ್ಕೆ ಬರುತ್ತದೆ. 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಚಾಲುಕ್ಯರ ಕಾಲದಲ್ಲಿ ಲೊಕ್ಕಿ ಗದ್ಯಾಣ ಟಂಕಿಸಿದ ಲಕ್ಕುಂಡಿ ನಮ್ಮ ಪಕ್ಕದಲ್ಲೇ ಇರುವಾಗ ಈ ಮಾತು ಬರೀ ಪುಸ್ತಕದ್ದಲ್ಲ.

ಕೊನೆಗೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಇಂಥದೊಂದು ಬಿಲ್ಲೆ ಇದ್ದರೆ ಮಾರುವುದು, ಇಟ್ಟುಕೊಳ್ಳುವುದು ನಿಮಗೆ ಬಿಟ್ಟದ್ದು. ಅದಕ್ಕೂ ಮೊದಲು ಎರಡು ಮಗ್ಗುಲು, ಅಂಚು ಮೂರರ ಫೋಟೊ ತೆಗೆಯಿರಿ. ಯಾರಿಗೆ ಬಂತು, ಅವರ ಊರು ಯಾವುದು, ಏನು ಉದ್ಯೋಗ ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಪದಕದ ಜೊತೆಗಿಡಿ. ಮಾರುವಾಗಲೂ ಆ ಹಾಳೆಯ ಒಂದು ಪ್ರತಿ ಕೊಂಡವರ ಕೈಗೆ ಕೊಡಿ.